ಚಿಂಗ್ ಚೀನಾದಲ್ಲಿ ಷ್ಯೆನ್ ಅಧಿಕಾರಿ ಆಗುವುದು, ಆಗಿ ಉಳಿಯುವುದು: ಹಂತ ಹಂತದ ಕೈಪಿಡಿ

ಈ ಕೈಪಿಡಿ ಒಬ್ಬ ಅಭ್ಯರ್ಥಿಯ ಹೆಜ್ಜೆ ಹಿಡಿದು ಸಾಗುತ್ತದೆ. ಕಾಲ, ಚಿಂಗ್ ವಂಶದ ಚಿಯೆನ್‌ಲುಂಗ್ ಚಕ್ರವರ್ತಿಯ ಆಳ್ವಿಕೆ, ಅಂದರೆ 1736ರಿಂದ 1795. ಗುರಿ, ಷ್ಯೆನ್ ಅಧಿಕಾರಿಯ ಹುದ್ದೆ. ಸಾಮ್ರಾಜ್ಯದಲ್ಲಿ ಸುಮಾರು 1,300 ಷ್ಯೆನ್‌ಗಳಿದ್ದವು. ಒಂದು ಷ್ಯೆನ್ ಎಂದರೆ ನಮ್ಮ ದೊಡ್ಡ ತಾಲ್ಲೂಕಿನಂಥದ್ದು. ಆದರೆ ಅಲ್ಲಿನ ಅಧಿಕಾರಿ ಒಬ್ಬನೇ ತಹಶೀಲ್ದಾರ, ನ್ಯಾಯಾಧೀಶ, ಪೊಲೀಸ್ ಮುಖ್ಯಸ್ಥ ಮೂರೂ ಆಗಿದ್ದ. ಒಂಬತ್ತು ದರ್ಜೆಗಳು, ಪ್ರತಿ ದರ್ಜೆಗೆ ಮೇಲು-ಕೆಳಗು ಎರಡು, ಹೀಗೆ 18 ಮೆಟ್ಟಿಲಿನ ಏಣಿಯಲ್ಲಿ ಅವನದು ಏಳನೆಯ ದರ್ಜೆಯ ಮೇಲಿನ ಮೆಟ್ಟಿಲು. ದೇಶದ ಆಡಳಿತ ಜನರ ಮೈಗೆ ತಾಗುತ್ತಿದ್ದದ್ದು ಈ ಮೆಟ್ಟಿಲಲ್ಲೇ.

ಮುಂದೆ ಬರುವ ನೂರೆಂಟು ನಿಯಮಗಳ ಹಿಂದೆ ಇದ್ದದ್ದು ಒಂದೇ ಯೋಚನೆ. ನಿಮ್ಮನ್ನು ಬಲ್ಲವನು ನಿಮ್ಮ ವಿಷಯ ತೀರ್ಮಾನಿಸಬಾರದು. ತೀರ್ಮಾನಿಸುವವನಿಗೆ ನೀವು ಯಾರೆಂದು ಗೊತ್ತಿರಬಾರದು. ಇದು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಹಾನ್ ವಂಶದ ಕಾಲದಲ್ಲಿ ಎರಡು ಲಕ್ಷ ಜನಕ್ಕೆ ವರ್ಷಕ್ಕೊಬ್ಬ ಸದ್ಗುಣಿಯನ್ನು ಸ್ಥಳೀಯ ಆಡಳಿತ ಶಿಫಾರಸು ಮಾಡಬೇಕಿತ್ತು. ಶಿಫಾರಸು ದೊಡ್ಡ ಮನೆತನಗಳ ಪಾಲಾಯಿತು. 220ರಲ್ಲಿ ವೈ ರಾಜ್ಯ ಊರ ಪ್ರಮುಖರಿಂದಲೇ ಅಭ್ಯರ್ಥಿಗಳಿಗೆ ಒಂಬತ್ತು ದರ್ಜೆ ಹಾಕಿಸಿತು. ಅದೂ ಅದೇ ಮನೆತನಗಳ ಕೈಸೇರಿತು. ಸುಯಿ ವಂಶ ಏಳನೆಯ ಶತಮಾನದ ಆರಂಭದಲ್ಲಿ ಬರೆಹದ ಪರೀಕ್ಷೆಗೆ ತಿರುಗಿದ್ದು ಇಷ್ಟೆಲ್ಲ ಪೆಟ್ಟು ತಿಂದ ಮೇಲೆ.

ಮೊದಲು ಅರ್ಹತೆ ನೋಡಿಕೊಳ್ಳಿ

ಹೆಣ್ಣುಮಕ್ಕಳಿಗೆ ಈ ದಾರಿ ಪೂರ್ತಿ ಮುಚ್ಚಿತ್ತು. ಗಂಡಸಾಗಿದ್ದರೆ ಮೂರು ತಲೆಮಾರಿನ ವಂಶವಿವರ ಕೊಡಬೇಕು. ಮುತ್ತಜ್ಜ, ಅಜ್ಜ, ಅಪ್ಪ ಇವರಲ್ಲಿ ಯಾರೂ ನಾಟಕದವರು, ಜೀತದಾಳು, ಕಚೇರಿಯ ಪೇದೆ ಆಗಿರಕೂಡದು. ವೇಶ್ಯಾವೃತ್ತಿಯ ಮನೆತನಕ್ಕೂ ಪ್ರವೇಶವಿಲ್ಲ. ತಂದೆ ಅಥವಾ ತಾಯಿಯ ಸೂತಕದ ಅವಧಿಯಲ್ಲಿ ಪರೀಕ್ಷೆಗೆ ಕೂರುವಂತಿಲ್ಲ. ಹೆಸರು ಯಾವ ಊರಿನಲ್ಲಿ ದಾಖಲಾಗಿದೆಯೋ ಅಲ್ಲೇ ಬರೆಯಬೇಕು. ಪೈಪೋಟಿ ಕಡಿಮೆಯಿರುವ ಪಕ್ಕದ ಊರಿನ ವಿಳಾಸ ಕೊಟ್ಟು ಬರೆಯುವ ಚಾಳಿ ತುಂಬ ಇತ್ತು. ಸ್ಥಳೀಯ ಅಭ್ಯರ್ಥಿಗಳೇ ಕಾದು ಕೂತು ಅಂಥವರನ್ನು ಹಿಡಿದುಕೊಡುತ್ತಿದ್ದರು.

ಕಾಗದದ ಮೇಲಿನ ಮಾತನ್ನು ಸರ್ಕಾರ ಹಾಗೇ ನಂಬುತ್ತಿರಲಿಲ್ಲ. ಎರಡು ಜಾಮೀನು ಬೇಕು. ಐವರು ಅಭ್ಯರ್ಥಿಗಳು ಒಬ್ಬರಿಗೊಬ್ಬರು ಹೊಣೆಯಾಗುವುದು ಒಂದು. ಸರ್ಕಾರಿ ಭತ್ಯೆ ಪಡೆಯುವ ಹಿರಿಯ ವಿದ್ಯಾರ್ಥಿಯೊಬ್ಬ ನಿಮ್ಮ ಮುಖ ನೋಡಿ ‘ಇವನೇ ಅವನು’ ಎಂದು ಸಹಿ ಹಾಕುವುದು ಇನ್ನೊಂದು. ಸುಳ್ಳು ಹೊರಬಿದ್ದರೆ ಅವನಿಗೂ ಶಿಕ್ಷೆ. ಹಾಗಾಗಿ ಅವನು ಪುಕ್ಕಟೆ ಸಹಿ ಹಾಕುತ್ತಿರಲಿಲ್ಲ, ಕೈಗೆ ಕಾಣಿಕೆ ಬೀಳಬೇಕಿತ್ತು. ಬಡ ಹುಡುಗರಿಗೆ ಮೊದಲ ಅಡ್ಡಿ ಎದುರಾಗುತ್ತಿದ್ದದ್ದೇ ಇಲ್ಲಿ.

ಊರಿನ ಮೂರು ಪರೀಕ್ಷೆಗಳು

ಮೊದಲು ಷ್ಯೆನ್ ಮಟ್ಟದಲ್ಲಿ, ಆಮೇಲೆ ಹಲವು ಷ್ಯೆನ್‌ಗಳು ಸೇರಿದ, ನಮ್ಮ ಜಿಲ್ಲೆಯಂಥ ಪ್ರಿಫೆಕ್ಚರ್ ಮಟ್ಟದಲ್ಲಿ, ಕೊನೆಗೆ ಪ್ರಾಂತದ ಶಿಕ್ಷಣ ಆಯುಕ್ತನ ಎದುರು. ಆಯುಕ್ತನ ಸುತ್ತು ಮೂರು ವರ್ಷಕ್ಕೆ ಎರಡು ಬಾರಿ ಬರುತ್ತಿತ್ತು. ಕನ್ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳಿಂದ ಆಯ್ದ ವಾಕ್ಯದ ಮೇಲೆ ಪ್ರಬಂಧ, ಜೊತೆಗೆ ಚಕ್ರವರ್ತಿಯ ನೀತಿ ಶಾಸನದ ಒಂದು ಭಾಗವನ್ನು ಬಾಯಿಪಾಠದಿಂದ ಬರೆಯುವುದು. ತೇರ್ಗಡೆಯಾಗುವವರ ಸಂಖ್ಯೆ ಮೊದಲೇ ನಿಗದಿ. ಊರಿನ ಗಾತ್ರ ನೋಡಿ ಷ್ಯೆನ್ ಒಂದಕ್ಕೆ 8ರಿಂದ 20ರ ಆಸುಪಾಸು.

ಗೆದ್ದರೆ ನೀವು ಶೆಂಗ್‌ಯುವಾನ್. ಬಿಟ್ಟಿ ಚಾಕರಿಯಿಂದ ವಿನಾಯಿತಿ ಸಿಕ್ಕಿತು. ಅಧಿಕಾರಿಯ ಮುಂದೆ ಮಂಡಿಯೂರಬೇಕಿಲ್ಲ. ಪದವಿ ಕಿತ್ತುಕೊಳ್ಳದೆ ನಿಮಗೆ ಛಡಿಯೇಟು ಹೊಡೆಯುವಂತಿಲ್ಲ. ಆದರೆ ಹುದ್ದೆ ಇಲ್ಲ. ಪದವಿಯೂ ಶಾಶ್ವತವಲ್ಲ: ಆಯುಕ್ತ ಬಂದಾಗಲೆಲ್ಲ ಮತ್ತೆ ಪರೀಕ್ಷೆ ಬರೆಯಬೇಕು, ಫಲಿತಾಂಶ ಆರು ದರ್ಜೆಗಳಲ್ಲಿ ಬರುತ್ತದೆ, ಕೊನೆಯ ದರ್ಜೆಗೆ ಬಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಮುಂದಿನ ಪರೀಕ್ಷೆಗೆ ಹೋಗಲು ಅನುಮತಿ ಸಿಗುವುದೂ ಇಂಥ ಅರ್ಹತಾ ಪರೀಕ್ಷೆಯಿಂದಲೇ.

ಪ್ರಾಂತದ ಪರೀಕ್ಷೆ: ಹೆಚ್ಚಿನವರು ಸೋಲುವ ಜಾಗ

ಮೂರು ವರ್ಷಕ್ಕೊಮ್ಮೆ, ಚಾಂದ್ರಮಾನದ ಎಂಟನೆಯ ತಿಂಗಳಲ್ಲಿ. ಬರೆಯುವ ದಿನಗಳು 9, 12, 15; ಪ್ರತಿ ಸಲ ಹಿಂದಿನ ದಿನವೇ ಒಳಗೆ ಹೋಗಬೇಕು, ಮರುದಿನ ಹೊರಗೆ ಬರಬೇಕು. ನಾನ್‌ಜಿಂಗ್‌ನ ಪರೀಕ್ಷಾ ಆವರಣ ಬೆಳೆದು ಕೊನೆಗೆ ಅಲ್ಲಿ 20,000ಕ್ಕೂ ಮೀರಿ ಕೋಣೆಗಳಿದ್ದವು. ಕೋಣೆ ಎಂದರೆ ಅಗಲ ಸುಮಾರು ಒಂದು ಮೀಟರ್, ಆಳ ಒಂದೂಕಾಲು ಮೀಟರ್‌ನ ಗೂಡು. ಬಾಗಿಲಿಲ್ಲ. ಎರಡು ಹಲಗೆ ಇರುತ್ತವೆ: ಹಗಲು ಒಂದು ಕೂರಲು, ಒಂದು ಬರೆಯಲು, ರಾತ್ರಿ ಎರಡನ್ನೂ ಗೋಡೆಯ ಕೆಳಗಿನ ಸೀಳಿಗೆ ಸೇರಿಸಿದರೆ ಮಲಗಲು. ಸಾಲಿನ ತುದಿಯ ಶೌಚದ ಪಕ್ಕದ ಕೋಣೆ ನಿಮ್ಮ ಪಾಲಿಗೆ ಬಂದರೆ ಬದಲಿಸಿಕೊಡುವವರಿಲ್ಲ.

ಒಯ್ಯುವ ಸಾಮಾನಿನ ನಿಯಮ ಚೆನ್ನಾಗಿ ನೆನಪಿಡಿ. ಬಟ್ಟೆ ಒಂದೇ ಪದರದ್ದು, ಒಳಪದರ ಇರಕೂಡದು. ಪಾದರಕ್ಷೆಯ ಅಟ್ಟೆ ತೆಳ್ಳಗಿರಬೇಕು. ಮಸಿ ಅರೆಯುವ ಕಲ್ಲು ದಪ್ಪ ಇರಬಾರದು. ಕುಂಚದ ಹಿಡಿ ಟೊಳ್ಳಾಗಿ ಆಚೀಚೆ ಕಾಣುವಂತಿರಬೇಕು. ಕಡುಬು, ರೊಟ್ಟಿಗಳನ್ನು ಬಾಗಿಲಲ್ಲೇ ಕತ್ತರಿಸಿ ನೋಡುತ್ತಾರೆ. ಪ್ರತಿಯೊಂದು ನಿಯಮದ ಹಿಂದೆಯೂ ಯಾರೋ ಆ ಜಾಗದಲ್ಲಿ ಚೀಟಿ ಬಚ್ಚಿಟ್ಟು ಸಿಕ್ಕಿಬಿದ್ದ ಕತೆ ಇದ್ದೇ ಇರುತ್ತದೆ.

ಚಿಯೆನ್‌ಲುಂಗ್ ಆಳ್ವಿಕೆಯ ಕೊನೆಗಾಲದ ಕ್ರಮ ಹೀಗೆ: ಮೊದಲ ಸುತ್ತಿನಲ್ಲಿ ನಾಲ್ಕು ಗ್ರಂಥಗಳ ಮೇಲೆ ಮೂರು ಪ್ರಬಂಧ, ಒಂದು ಪದ್ಯ. ಎರಡನೆಯದರಲ್ಲಿ ಐದು ಪ್ರಾಚೀನ ಕೃತಿಗಳ ಮೇಲೆ ಐದು ಪ್ರಬಂಧ. ಮೂರನೆಯದರಲ್ಲಿ ಆಡಳಿತ ನೀತಿಯ ಮೇಲೆ ಐದು ಪ್ರಶ್ನೆ. ಅಧಿಕಾರಿಯಾಗುವವನಿಗೆ ಮೂರನೆಯ ಸುತ್ತೇ ಮುಖ್ಯ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ನಂಬಿ ಶಕ್ತಿ ಉಳಿಸಿಕೊಳ್ಳಲು ಹೋಗಬೇಡಿ. ಸಾವಿರಾರು ಉತ್ತರ ಪತ್ರಿಕೆಗಳ ರಾಶಿಯ ಮುಂದೆ ಕೂತ ಪರೀಕ್ಷಕರು ಮೊದಲ ಸುತ್ತಿನ ಪ್ರಬಂಧದಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡುಬಿಡುತ್ತಿದ್ದರು. ಪ್ರಬಂಧ ಎಂಟು ಭಾಗಗಳ ಕಟ್ಟುನಿಟ್ಟಿನ ಚೌಕಟ್ಟಿನಲ್ಲಿ, ಜೋಡಿ ಸಾಲುಗಳು ಒಂದಕ್ಕೊಂದು ತೂಗುವಂತೆ, ಸುಂಗ್ ಕಾಲದ ಪಂಡಿತ ಝು ಷಿಯ ವ್ಯಾಖ್ಯಾನವನ್ನು ಮೀರದಂತೆ ಇರಬೇಕು. 1778ರಿಂದ ಉದ್ದದ ಮಿತಿ 700 ಅಕ್ಷರ. ಈ ಚೌಕಟ್ಟನ್ನು ಹಳಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಸಾವಿರಾರು ಬರೆಹಗಳನ್ನು ವಾರಗಳೊಳಗೆ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕಾದವನಿಗೆ ಇದಕ್ಕಿಂತ ಅನುಕೂಲದ ಆಕಾರ ಸಿಗುವುದು ಕಷ್ಟವಿತ್ತು.

ವಿಷಯ ಗೊತ್ತಿದ್ದೂ ಸೋಲುವುದು ಸಣ್ಣ ತಪ್ಪುಗಳಿಂದ. ಆಳುವ ವಂಶದ ಚಕ್ರವರ್ತಿಗಳ ಹೆಸರಿನ ಅಕ್ಷರಗಳನ್ನು ಹಾಗೇ ಬರೆಯುವಂತಿಲ್ಲ, ಗೆರೆ ಬಿಟ್ಟೋ ಬೇರೆ ಅಕ್ಷರ ಬಳಸಿಯೋ ಬರೆಯಬೇಕು. ಚಕ್ರವರ್ತಿಯನ್ನು ಸೂಚಿಸುವ ಪದ ಬಂದರೆ ಹೊಸ ಸಾಲಿಗೆ ಹೋಗಿ, ಉಳಿದ ಸಾಲುಗಳಿಗಿಂತ ಮೇಲಿನಿಂದ ಶುರು ಮಾಡಬೇಕು. ಮಸಿ ಚೆಲ್ಲಿದರೆ, ಹಾಳೆ ಖಾಲಿ ಬಿಟ್ಟರೆ, ಕರಡು ಪೂರ್ತಿ ಇಲ್ಲದಿದ್ದರೆ ಹೆಸರು ನೀಲಿ ಪಟ್ಟಿಗೆ ಏರುತ್ತದೆ. ನೀಲಿ ಪಟ್ಟಿಗೆ ಬಿದ್ದವನು ಮುಂದಿನ ಸುತ್ತಿಗೆ ಬರಬೇಕಿಲ್ಲ.

ನಿಮ್ಮ ಪತ್ರಿಕೆ ಒಳಗೆ ಹೋದ ಮೇಲೆ

ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಇದು. ನೀವು ಬರೆದದ್ದು ಕಪ್ಪು ಮಸಿಯಲ್ಲಿ. ಹೆಸರಿರುವ ಭಾಗವನ್ನು ಮಡಚಿ ಅಂಟಿಸುತ್ತಾರೆ. ಈ ಪದ್ಧತಿ ಅರಮನೆ ಪರೀಕ್ಷೆಗೆ 992ರಲ್ಲಿ, ಸುಂಗ್ ವಂಶದ ಕಾಲದಲ್ಲೇ ಬಂದಿತ್ತು. ಹೆಸರು ಮುಚ್ಚಿದರೂ ಕೈಬರಹ ಗುರುತು ಸಿಗುತ್ತದಲ್ಲ? ಅದಕ್ಕೇ ನಕಲುಗಾರರು ಇಡೀ ಪತ್ರಿಕೆಯನ್ನು ಕೆಂಪು ಮಸಿಯಲ್ಲಿ ಮರುಬರೆಯುತ್ತಾರೆ. ತಾಳೆ ನೋಡುವವರು ಹಳದಿ ಮಸಿಯಲ್ಲಿ ತಿದ್ದುತ್ತಾರೆ. ಕೆಂಪು ಪ್ರತಿ ಮಾತ್ರ ಒಳಗಿನ ಅಂಗಳಕ್ಕೆ ಹೋಗುತ್ತದೆ. ಅಲ್ಲಿ ಸಹಪರೀಕ್ಷಕರು ನೀಲಿಯಲ್ಲಿ, ಮುಖ್ಯ ಪರೀಕ್ಷಕರು ಕಪ್ಪಿನಲ್ಲಿ ಷರಾ ಬರೆಯುತ್ತಾರೆ. ಯಾವ ಕೈ ಎಲ್ಲಿ ಮುಟ್ಟಿತು ಎಂಬುದು ಮಸಿಯ ಬಣ್ಣದಿಂದಲೇ ತಿಳಿಯುತ್ತದೆ. ಮುಖ್ಯ ಪರೀಕ್ಷಕರು ಬೀಜಿಂಗ್‌ನಿಂದ ಬಂದವರು, ಪಟ್ಟಿ ಹೊರಬೀಳುವವರೆಗೆ ಒಳಗೇ ಬಂದಿ. ಆಮೇಲೂ ಮುಗಿಯಲಿಲ್ಲ: ಗೆದ್ದವರ ಕಪ್ಪು, ಕೆಂಪು ಎರಡೂ ಪ್ರತಿಗಳು ರಾಜಧಾನಿಗೆ ಹೋಗಿ ಅಲ್ಲಿ ಮತ್ತೊಮ್ಮೆ ತಾಳೆಯಾಗುತ್ತವೆ.

ಇಷ್ಟಾದರೂ ಬಿರುಕು ಇತ್ತು. ಪ್ರಬಂಧದ ಇಂಥ ಜಾಗದಲ್ಲಿ ಇಂಥ ಪದ ಹಾಕುತ್ತೇನೆ ಎಂದು ಪರೀಕ್ಷಕನ ಜೊತೆ ಮೊದಲೇ ಮಾತಾಡಿಕೊಂಡರೆ ಕೆಂಪು ನಕಲಿನಲ್ಲೂ ಆ ಪದ ಹಾಗೇ ಇರುತ್ತದೆ. 1657ರಲ್ಲಿ ನಾನ್‌ಜಿಂಗ್‌ನ ಪರೀಕ್ಷೆಯ ಹಗರಣ ಬಯಲಾದಾಗ ಇಬ್ಬರು ಮುಖ್ಯ ಪರೀಕ್ಷಕರ ಜೊತೆಗೆ ಸಹಪರೀಕ್ಷಕರನ್ನೂ ಕೊಂದರು. ಅದಾದ ಎರಡು ಶತಮಾನದ ನಂತರ, 1858ರ ಬೀಜಿಂಗ್ ಪರೀಕ್ಷೆಯಲ್ಲಿ ಪದಸಂಕೇತದ ಚೀಟಿಗಳು ಸಿಕ್ಕಿದವು. ಮುಖ್ಯ ಪರೀಕ್ಷಕ, ಮಹಾಕಾರ್ಯದರ್ಶಿ ಬೋ ಜುನ್‌ನ ತಲೆ ಮರುವರ್ಷ ಉರುಳಿತು.

ಗೆದ್ದರೆ ನೀವು ಜುರೆನ್. ದೊಡ್ಡ ಪ್ರಾಂತಕ್ಕೆ ನೂರರ ಆಸುಪಾಸು, ಗುಯಿಝೌನಂಥ ದೂರದ ಪ್ರಾಂತಕ್ಕೆ 40ಕ್ಕೂ ಕಡಿಮೆ. ಈ ಪ್ರಾಂತವಾರು ಹಂಚಿಕೆಯ ಹಿಂದೆ ರಕ್ತದ ಇತಿಹಾಸವಿದೆ. 1397ರಲ್ಲಿ, ಚಿಂಗ್‌ಗೆ ಮುಂಚಿನ ಮಿಂಗ್ ವಂಶದ ಚಕ್ರವರ್ತಿ ಝು ಯುವಾನ್‌ಝಾಂಗ್‌ನ ಕಾಲದ ರಾಜಧಾನಿ ಪರೀಕ್ಷೆಯಲ್ಲಿ ಗೆದ್ದವರೆಲ್ಲ ದಕ್ಷಿಣದವರೇ. ಉತ್ತರದವರು ರೊಚ್ಚಿಗೆದ್ದರು. ಮರುಪರಿಶೀಲನೆಗೆ ಕೂತವರೂ ಫಲಿತಾಂಶ ಸರಿಯಿದೆ ಎಂದರು. ಚಕ್ರವರ್ತಿ ಪರೀಕ್ಷಕರಲ್ಲಿ ಕೆಲವರನ್ನು ಕೊಲ್ಲಿಸಿ, ಎರಡನೆಯ ಪರೀಕ್ಷೆ ನಡೆಸಿ ಉತ್ತರದವರನ್ನೇ ಆರಿಸಿದ. ಮುಂದಿನ ದಶಕಗಳಲ್ಲಿ ದಕ್ಷಿಣಕ್ಕೆ 55, ಉತ್ತರಕ್ಕೆ 35, ನಡುವಿನ ಪ್ರದೇಶಕ್ಕೆ 10 ಎಂಬ ಪಾಲು ಬಂತು. ಹೆಸರು ಮುಚ್ಚಿದ ಪರೀಕ್ಷೆ ವ್ಯಕ್ತಿಗೆ ನ್ಯಾಯ ಕೊಟ್ಟಿತು. ಪ್ರದೇಶಕ್ಕೆ ನ್ಯಾಯ ಕೊಡಲು ಪಾಲು ಹಂಚಲೇಬೇಕಾಯಿತು.

ಬೀಜಿಂಗ್ ಮತ್ತು ಅರಮನೆ

ಮರುವರ್ಷದ ವಸಂತದಲ್ಲಿ ಬೀಜಿಂಗ್‌ನಲ್ಲಿ ಜುರೆನ್‌ಗಳ ಪರೀಕ್ಷೆ. ಅದೇ ಮೂರು ಸುತ್ತು, ಅದೇ ಬಣ್ಣಗಳು. ಅಲ್ಲಿ ಗೆದ್ದರೆ ಅರಮನೆಯ ಪರೀಕ್ಷೆ: ಒಂದೇ ದಿನ, ಚಕ್ರವರ್ತಿಯ ಹೆಸರಿನಲ್ಲಿ ಕೇಳುವ ನೀತಿ ಪ್ರಶ್ನೆ. 1761ರಿಂದ ಅದು ನಾಲ್ಕನೆಯ ತಿಂಗಳ 21ಕ್ಕೆ ನಿಗದಿಯಾಯಿತು. ಇಲ್ಲಿ ಯಾರನ್ನೂ ಫೇಲು ಮಾಡುವುದಿಲ್ಲ, ಕ್ರಮಾಂಕ ಮಾತ್ರ ನಿರ್ಧಾರವಾಗುತ್ತದೆ. ಇಲ್ಲಿ ನಕಲುಗಾರರು ಇಲ್ಲ, ನಿಮ್ಮ ಕೈಬರಹವೇ ಓದುಗರ ಮುಂದೆ ಹೋಗುತ್ತದೆ. ಆದ್ದರಿಂದ ದುಂಡನೆಯ, ಒಂದೇ ಗಾತ್ರದ, ತಿದ್ದುಪಡಿಯಿಲ್ಲದ ಅಕ್ಷರ ಅಭ್ಯಾಸ ಮಾಡಿಕೊಂಡು ಹೋಗಿ. ಇಡೀ ಚಿಂಗ್ ಕಾಲದಲ್ಲಿ 112 ಬಾರಿ ನಡೆದ ಈ ಪರೀಕ್ಷೆಗಳಿಂದ ಹೊರಬಂದ ಜಿನ್‌ಷಿಗಳು ಸುಮಾರು 26,800, ಅಂದರೆ ಸಲಕ್ಕೆ 240ರಷ್ಟು ಜನ. ಪಟ್ಟಿಯ ಮೇಲಿನ ಕೆಲವರು ಆಸ್ಥಾನ ವಿದ್ವಾಂಸರ ಸಂಸ್ಥೆಯಾದ ಹಾನ್‌ಲಿನ್ ಅಕಾಡೆಮಿಗೆ, ಕೆಲವರು ಸಚಿವಾಲಯಗಳಿಗೆ. ಉಳಿದವರಲ್ಲಿ ಬಹಳಷ್ಟು ಮಂದಿಗೆ ಷ್ಯೆನ್ ಹುದ್ದೆ.

ಜಿನ್‌ಷಿ ಆಗಲಿಲ್ಲವೆಂದರೆ ಬಾಗಿಲು ಮುಚ್ಚಿತು ಎಂದಲ್ಲ. ಹಲವು ಬಾರಿ ಬೀಜಿಂಗ್‌ನಲ್ಲಿ ಸೋತ ಜುರೆನ್‌ಗಳಿಗೆ ‘ದೊಡ್ಡ ಆಯ್ಕೆ’ ಇತ್ತು. ಇಲ್ಲಿ ಬರೆಯುವುದೇನಿಲ್ಲ. ಇಪ್ಪತ್ತು ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ರಾಜಕುಮಾರರು, ಹಿರಿಯ ಮಂತ್ರಿಗಳು ಮೈಕಟ್ಟು ನೋಡುತ್ತಾರೆ. ಮೊದಲು ಎಂಟು ಮಂದಿಯನ್ನು ಕಳಿಸಿಬಿಡುತ್ತಾರೆ. ಉಳಿದವರಲ್ಲಿ ಮೂವರು ಮೊದಲ ದರ್ಜೆ, ಅವರಿಗೆ ಷ್ಯೆನ್ ಅಧಿಕಾರ. ಒಂಬತ್ತು ಮಂದಿ ಎರಡನೆಯ ದರ್ಜೆ, ಅವರಿಗೆ ಸರ್ಕಾರಿ ಶಾಲೆಯ ಅಧ್ಯಾಪಕ ಹುದ್ದೆ. ಚೌಕ ಮುಖ, ನೆಟ್ಟನೆ ಮೈ, ದೊಡ್ಡ ತಲೆಗೆ ತಕ್ಕ ದೇಹ ಇದ್ದವನು ಗೆದ್ದ. ಒಂದು ಭುಜ ಏರಿದವನು, ತಲೆ ದೊಡ್ಡದಾಗಿ ಮೈ ಸಣಕಲಾದವನು ಸೋತ. ಶತಮಾನಗಟ್ಟಲೆ ಮುಖ ಮುಚ್ಚಿ ಬರೆಹ ಓದಿದ ವ್ಯವಸ್ಥೆ ಇಲ್ಲಿ ಬರೆಹ ಬಿಟ್ಟು ಮುಖ ನೋಡಿತು. ಇದು ಆ ವ್ಯವಸ್ಥೆಯ ಮರ್ಯಾದೆಗೆ ತಕ್ಕುದಲ್ಲ ಎಂದೇ ಹೇಳಬೇಕು, ಹತ್ತಾರು ವರ್ಷ ಹುದ್ದೆಗೆ ಕಾದು ಮುಪ್ಪಾಗುತ್ತಿದ್ದ ಜುರೆನ್‌ಗಳಿಗೆ ಅದು ದಾರಿ ಮಾಡಿಕೊಟ್ಟಿದ್ದು ನಿಜವಾದರೂ.

ಇನ್ನೊಂದು ದಾರಿ ಹಣದ್ದು. ಯುದ್ಧ, ನೆರೆ, ಬರದ ಕಾಲದಲ್ಲಿ ಸರ್ಕಾರ ಪದವಿ, ಹುದ್ದೆಗಳನ್ನು ಮಾರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಮಿತಿಮೀರಿ, ಹುದ್ದೆಗಿಂತ ಕಾಯುವವರೇ ಹಲವು ಪಟ್ಟು ಹೆಚ್ಚಾದರು.

ಹುದ್ದೆ ಸಿಗುವ ಬಗೆ: ಚೀಟಿ ಎತ್ತುವುದು

ನಾಗರಿಕ ಹುದ್ದೆಗಳ ಸಚಿವಾಲಯ ಬೀಜಿಂಗ್‌ನಲ್ಲಿ ತಿಂಗಳು ತಿಂಗಳೂ ಖಾಲಿ ಜಾಗಗಳ ಪಟ್ಟಿ ಮಾಡುತ್ತದೆ. ಅರ್ಹರ ಸರದಿ ಬಂದಾಗ ಯಾರಿಗೆ ಯಾವ ಊರು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. 1594ರಲ್ಲಿ ಮಿಂಗ್ ಕಾಲದ ಸಚಿವ ಸುನ್ ಪಿಯಾಂಗ್ ಶುರು ಮಾಡಿದ್ದು ಇದು. ಅರಮನೆಯ ನಪುಂಸಕ ಸೇವಕರು ತಮ್ಮವರಿಗೆ ಒಳ್ಳೆಯ ಊರು ಕೊಡಿ ಎಂದು ಪೀಡಿಸುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಆತ ಬಿದಿರು ಕಡ್ಡಿಗಳ ಕೈಗೆ ಅಧಿಕಾರ ಕೊಟ್ಟ. ಸಮರ್ಥನನ್ನು ಕಷ್ಟದ ಊರಿಗೆ ಹಾಕುವ ವಿವೇಚನೆ ಹೋಯಿತು ಎಂಬ ಟೀಕೆ ಆಗಲೇ ಬಂತು. ಟೀಕೆಯಲ್ಲಿ ಹುರುಳಿತ್ತು.

ಆ ಕೊರತೆ ತುಂಬಿದ್ದು ಚಿಯೆನ್‌ಲುಂಗ್‌ನ ತಂದೆ ಯುಂಗ್‌ಚೆಂಗ್ ಚಕ್ರವರ್ತಿಯ ಕಾಲದಲ್ಲಿ. 1728ರಲ್ಲಿ ಗುವಾಂಗ್‌ಷಿಯ ಅಧಿಕಾರಿ ಜಿನ್ ಹುಂಗ್ ಒಂದು ಸಲಹೆ ಕೊಟ್ಟ, 1731ಕ್ಕೆ ಅದು ಜಾರಿಗೆ ಬಂತು. ಪ್ರತಿ ಊರಿಗೂ ನಾಲ್ಕು ಪ್ರಶ್ನೆ: ಹೆದ್ದಾರಿಯ ಮೇಲಿದೆಯೇ? ಕೆಲಸದ ಹೊರೆ ಹೆಚ್ಚೇ? ಕಂದಾಯ ಬಾಕಿ ಬೀಳುತ್ತದೆಯೇ? ಜನ ಜಗಳಗಂಟರೇ? ಪ್ರತಿ ಹೌದು ಎಂಬುದಕ್ಕೆ ಒಂದು ಅಕ್ಷರ. ಮೂರು, ನಾಲ್ಕು ಅಕ್ಷರದ ಊರಿಗೆ ಚೀಟಿ ಇಲ್ಲ. ಪ್ರಾಂತದ ಗವರ್ನರ್ ಅನುಭವಿ ಅಧಿಕಾರಿಯನ್ನು ಹೆಸರಿಸಿ ಬೀಜಿಂಗ್‌ನ ಒಪ್ಪಿಗೆ ಪಡೆಯಬೇಕು. ಅದಕ್ಕಿಂತ ಹಗುರದ ಊರುಗಳು ಬಹುಮಟ್ಟಿಗೆ ಸಚಿವಾಲಯದ ಚೀಟಿಗೆ. ಹೊಸಬರಾದ ನಿಮ್ಮ ಕೈಗೆ ಬರುವುದು ಈ ಎರಡನೆಯ ಗುಂಪಿನ ಊರು. ಗವರ್ನರ್‌ಗಳು ತಮ್ಮ ಹಿಡಿತ ಹೆಚ್ಚಿಸಿಕೊಳ್ಳಲು ಹಗುರದ ಊರಿಗೂ ಅಕ್ಷರ ಸೇರಿಸಿ ಎಂದು ಮತ್ತೆ ಮತ್ತೆ ಬರೆಯುತ್ತಿದ್ದರು. ನಾಲ್ಕು ಪ್ರಶ್ನೆಗಳ ಉತ್ತರ ಕೊಡುವವರು ಅವರೇ ಆಗಿದ್ದರಿಂದ ಇದು ನಡೆಯುತ್ತಿತ್ತು.

ಯಾವ ಊರು ಬಂದರೂ ಮೂರು ಜರಡಿ ದಾಟಬೇಕು. ನಿಮ್ಮ ಸ್ವಂತ ಪ್ರಾಂತ ಆಗಿರಕೂಡದು. ಪಕ್ಕದ ಪ್ರಾಂತವಾದರೂ ನಿಮ್ಮ ಮನೆಯಿಂದ 500 ಲೀ, ಅಂದರೆ ಸುಮಾರು 290 ಕಿಲೋಮೀಟರ್ ಒಳಗೆ ಇರಕೂಡದು. ಇದು 1703ರ ನಿಯಮ. ಮೇಲಧಿಕಾರಿ ನಿಮ್ಮ ಹತ್ತಿರದ ಬಂಧು ಆಗಿರಕೂಡದು. ಆಗಿದ್ದರೆ ಕೆಳಗಿನವನು ಬೇರೆಡೆಗೆ ಹೋಗಬೇಕು. ಶಾಲೆಯ ಅಧ್ಯಾಪಕರಿಗೆ ಮಾತ್ರ ರಿಯಾಯಿತಿ, ಅವರು ಸ್ವಂತ ಪ್ರಾಂತದಲ್ಲೇ ಇರಬಹುದು, ಸ್ವಂತ ಪ್ರಿಫೆಕ್ಚರ್ ಬಿಟ್ಟು. ಈ ನಿಯಮದಿಂದ ನೆಂಟಸ್ತಿಕೆಯ ಕಾಟ ತಪ್ಪಿತು, ಸರಿ. ಆದರೆ ಗುವಾಂಗ್‌ಡಾಂಗ್‌ಗೆ ಹೋದ ಉತ್ತರದವನಿಗೆ ಅಲ್ಲಿನ ಜನರ ಮಾತೇ ತಿಳಿಯುತ್ತಿರಲಿಲ್ಲ. ಕಟಕಟೆಯಲ್ಲಿ ನಿಂತ ರೈತ ಹೇಳಿದ್ದನ್ನು ಅವನಿಗೆ ತಿಳಿಸಲು ಸ್ಥಳೀಯ ಗುಮಾಸ್ತನೇ ಬೇಕಾಗುತ್ತಿತ್ತು.

ಹೊರಡುವ ಮುಂಚೆ ಚಕ್ರವರ್ತಿಯ ದರ್ಶನ. ಗುಂಪಿನಲ್ಲಿ ನಿಂತು ಹೆಸರು, ಊರು, ವಯಸ್ಸು ಹೇಳಿ ಬರುವಷ್ಟೇ. ಆ ಕ್ಷಣದಲ್ಲೇ ಯುಂಗ್‌ಚೆಂಗ್ ಚಕ್ರವರ್ತಿ ಕೆಂಪು ಮಸಿಯಲ್ಲಿ ಪ್ರತಿಯೊಬ್ಬನ ಬಗ್ಗೆ ಗುರುತು ಹಾಕಿಕೊಳ್ಳುತ್ತಿದ್ದ. ಆಮೇಲೆ ನೇಮಕಾತಿ ಪತ್ರ, ಅದರಲ್ಲಿ ಊರು ತಲುಪಬೇಕಾದ ಗಡುವು. ದಾರಿಯಲ್ಲಿ ಬಂಧುಗಳ ಮನೆಯಲ್ಲಿ ತಂಗಿ ಗಡುವು ಮೀರಿದರೆ ಹುದ್ದೆ ಹಿಡಿಯುವ ಮೊದಲೇ ದಂಡ.

ಮೊದಲ ಎರಡು ತಿಂಗಳು

ಊರು ತಲುಪಿದ ಕೂಡಲೇ ಸನ್ಮಾನ, ಔತಣಗಳನ್ನು ಪಕ್ಕಕ್ಕಿಟ್ಟು ಖಜಾನೆಗೆ ಹೋಗಿ. ಹಿಂದಿನ ಅಧಿಕಾರಿಯ ಲೆಕ್ಕ ತಪಾಸಣೆಗೆ ಸಾಮಾನ್ಯವಾಗಿ ಎರಡು ತಿಂಗಳ ಅವಕಾಶ. ಬೆಳ್ಳಿಯನ್ನು ತೂಗಿಸಿ, ಕಣಜದ ಧಾನ್ಯವನ್ನು ಅಳೆಸಿ. ಎಲ್ಲ ಸರಿಯಿದೆ ಎಂದು ಒಮ್ಮೆ ಸಹಿ ಹಾಕಿದರೆ ಹಳೆಯ ಕೊರತೆಯೂ ನಿಮ್ಮದೇ ಸಾಲ. ಹಿಂದಿನವನು ಹಿರಿಯ, ಈಗ ಮೇಲಿನ ಹುದ್ದೆಗೆ ಹೋಗಿದ್ದಾನೆ, ಹೇಗೆ ಬಾಯಿ ತೆರೆಯುವುದು ಎಂದು ದಾಕ್ಷಿಣ್ಯಕ್ಕೆ ಸಹಿ ಹಾಕಿದವರ ಜೀವನ ಆ ಬಾಕಿ ತೀರಿಸುವುದರಲ್ಲೇ ಮುಗಿಯುತ್ತಿತ್ತು.

ಹಣದ ಲೆಕ್ಕ ನೋಡಿ. ವರ್ಷದ ಸಂಬಳ 45 ಲಿಯಾಂಗ್ ಬೆಳ್ಳಿ. ಒಂದು ಲಿಯಾಂಗ್ ಸುಮಾರು 37 ಗ್ರಾಂ. ಹಲವು ಪ್ರಾಂತಗಳ ಮೇಲಿನ ಗವರ್ನರ್ ಜನರಲ್‌ಗೂ 180 ಮಾತ್ರ. ಇದರಲ್ಲಿ ಕಚೇರಿ ನಡೆಯುವುದಿಲ್ಲ. ಮೊದಲು ಅಧಿಕಾರಿಗಳು ಕಂದಾಯದ ಬೆಳ್ಳಿ ಕರಗಿಸುವಾಗ ನಷ್ಟವಾಗುತ್ತದೆ ಎಂಬ ನೆಪದಲ್ಲಿ ಜನರಿಂದ ಹೆಚ್ಚುವರಿ ಎತ್ತುತ್ತಿದ್ದರು. 1724ರ ಹೊತ್ತಿಗೆ ಯುಂಗ್‌ಚೆಂಗ್ ಆ ಹೆಚ್ಚುವರಿಯನ್ನು ಪ್ರಾಂತದ ಖಜಾನೆಗೆ ಎಳೆದುಕೊಂಡು, ಅದರಿಂದಲೇ ‘ಪ್ರಾಮಾಣಿಕತೆ ಪೋಷಿಸುವ ಬೆಳ್ಳಿ’ ಎಂಬ ಭತ್ಯೆ ಕೊಡಿಸಿದ. ಷ್ಯೆನ್ ಅಧಿಕಾರಿಗೆ ಊರು ನೋಡಿ ವರ್ಷಕ್ಕೆ 400ರಿಂದ 2,000ದ ಆಸುಪಾಸು. ಕಳ್ಳದಾರಿಯ ಹಣವನ್ನು ಲೆಕ್ಕಕ್ಕೆ ತಂದ ಈ ಸುಧಾರಣೆ ಆ ಶತಮಾನದ ಅತ್ಯಂತ ದಿಟ್ಟ ಆಡಳಿತ ಕ್ರಮ.

ಈ ಭತ್ಯೆಯ ದೊಡ್ಡ ಪಾಲು ಖಾಸಗಿ ಸಲಹೆಗಾರರಿಗೆ ಹೋಗುತ್ತದೆ. ಪ್ರಬಂಧ ಬರೆದು ಗೆದ್ದ ನಿಮಗೆ ದಂಡಸಂಹಿತೆ ಗೊತ್ತಿಲ್ಲ, ಕಂದಾಯದ ಲೆಕ್ಕ ಗೊತ್ತಿಲ್ಲ. ಕಾನೂನಿಗೊಬ್ಬ, ಹಣಕ್ಕೊಬ್ಬ ತಜ್ಞ ಬೇಕೇ ಬೇಕು. ಝೆಜಿಯಾಂಗ್ ಪ್ರಾಂತದ ಶಾವೋಷಿಂಗ್ ಊರಿನವರು ಈ ಕಸುಬಿಗೆ ಹೆಸರುವಾಸಿ. 1750ರ ಹೊತ್ತಿಗೆ 220ರಿಂದ 260 ಲಿಯಾಂಗ್ ಇದ್ದ ಅವರ ವಾರ್ಷಿಕ ಸಂಬಳ 1785ರ ನಂತರ 800ರವರೆಗೆ ಏರಿತ್ತು. ಇವರನ್ನು ಊರಿನಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಸ್ಥಳೀಯ ಗುಮಾಸ್ತರನ್ನು ನಂಬಿ ಕೂರಬೇಡಿ: ಐದು ವರ್ಷಕ್ಕೆ ಬಿಡಬೇಕೆಂಬ ಕಾನೂನಿದ್ದರೂ ಅವರು ಹೆಸರು ಬದಲಿಸಿಕೊಂಡು ಅಲ್ಲೇ ಉಳಿಯುತ್ತಾರೆ. ನೀವು ಮೂರು ವರ್ಷಕ್ಕೆ ಹೋಗುವವರು, ಅವರು ಅಜ್ಜನ ಕಾಲದಿಂದ ಇರುವವರು.

ದಿನದಿನದ ಗಡುವುಗಳು

ಕೊಲೆ ಪ್ರಕರಣಕ್ಕೆ ಒಟ್ಟು ಆರು ತಿಂಗಳು. ಅದರಲ್ಲಿ ನಿಮ್ಮ ಪಾಲು ಮೂರು. ಪ್ರಿಫೆಕ್ಚರ್, ಪ್ರಾಂತದ ನ್ಯಾಯಾಧಿಕಾರಿ, ಗವರ್ನರ್ ಇವರಿಗೆ ತಲಾ ಒಂದು. ಹೆಣ ಸಿಕ್ಕಿತೆಂದರೆ ನೀವೇ ಹೋಗಿ ನಿಂತು ಪರೀಕ್ಷೆ ಮಾಡಿಸಬೇಕು, ಗುಮಾಸ್ತನನ್ನು ಕಳಿಸುವಂತಿಲ್ಲ. ಕೋಲಿನೇಟಿನಲ್ಲಿ ಮುಗಿಯುವ ಶಿಕ್ಷೆ ನಿಮ್ಮ ಕೈಯಲ್ಲಿ. ಅದಕ್ಕಿಂತ ಹೆಚ್ಚಿನದಾದರೆ ಕಡತ ಮೇಲಕ್ಕೆ ಹೋಗಬೇಕು. ಜಮೀನು, ಮದುವೆ, ಸಾಲದ ವ್ಯಾಜ್ಯಗಳನ್ನು ನಾಲ್ಕನೆಯ ತಿಂಗಳಿಂದ ಏಳನೆಯ ತಿಂಗಳ ಕೊನೆಯವರೆಗೆ ತೆಗೆದುಕೊಳ್ಳುವಂತಿಲ್ಲ, ಅದು ಬೇಸಾಯದ ಕಾಲ.

ಕಂದಾಯವನ್ನು ಹತ್ತು ಪಾಲು ಮಾಡಿ ಎಷ್ಟು ಪಾಲು ಬಾಕಿ ಎಂದು ನೋಡುತ್ತಾರೆ. ಒಂದು ಪಾಲಿಗಿಂತ ಕಡಿಮೆ ಬಾಕಿಯಾದರೂ ಬಡ್ತಿ ನಿಲ್ಲುತ್ತದೆ. ಪಾಲು ಹೆಚ್ಚಾದಂತೆ ದರ್ಜೆ ಇಳಿಯುತ್ತದೆ, ಕೊನೆಗೆ ವಜಾ. ಸಣ್ಣ ತಪ್ಪುಗಳಿಗೆ ತಿಂಗಳ ಲೆಕ್ಕದಲ್ಲಿ ಸಂಬಳ ಕಡಿತ. 45 ಲಿಯಾಂಗ್‌ನಲ್ಲಿ ಆರು ತಿಂಗಳದ್ದು ಹೋದರೆ ಏನು ಎನ್ನಬೇಡಿ. ದಾಖಲೆಯಲ್ಲಿ ಶಿಕ್ಷೆ ಬಾಕಿ ಇರುವವರೆಗೆ ಬಡ್ತಿ ಇಲ್ಲ. ಇದಕ್ಕೆ ಕೈಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಮದ್ದು ಪುಣ್ಯದ ಅಂಕಗಳು. ಒಳ್ಳೆಯ ಕೆಲಸಕ್ಕೆ ‘ದಾಖಲೆ’ ಸಿಗುತ್ತದೆ, ನಾಲ್ಕು ದಾಖಲೆ ಸೇರಿದರೆ ಒಂದು ‘ದರ್ಜೆಯೇರಿಕೆ’. ಒಂದು ದರ್ಜೆ ಇಳಿಸುವ ಶಿಕ್ಷೆ ಬಂದಾಗ ಕೂಡಿಟ್ಟ ಒಂದು ದರ್ಜೆಯೇರಿಕೆಯನ್ನು ಕೊಟ್ಟು ತಪ್ಪಿಸಿಕೊಳ್ಳಬಹುದು.

ಮೂರು ವರ್ಷಕ್ಕೊಮ್ಮೆ ಮಹಾಲೆಕ್ಕ

ಅಧಿಕಾರಿಗಳ ಕೆಲಸವನ್ನು ಅಳೆಯುವ ಲೆಕ್ಕ ಇದು. ರಾಜಧಾನಿಯವರಿಗೆ ಒಂದು, ಪ್ರಾಂತದವರಿಗೆ ಒಂದು, ಎರಡೂ ಮೂರು ವರ್ಷಕ್ಕೊಮ್ಮೆ. ಅಳತೆ ನಾಲ್ಕು: ಶುದ್ಧ ಕೈ, ಸಾಮರ್ಥ್ಯ, ಆಡಳಿತ, ವಯಸ್ಸು. ದೋಷಗಳು ಆರು: ಜಡತೆ, ಅನುಚಿತ ನಡತೆ, ದುಡುಕು, ಸಾಮರ್ಥ್ಯದ ಕೊರತೆ, ಮುಪ್ಪು, ಕಾಯಿಲೆ. ದುಡುಕಿಗೆ ಮೂರು ದರ್ಜೆ ಇಳಿಕೆ, ಸಾಮರ್ಥ್ಯದ ಕೊರತೆಗೆ ಎರಡು, ಮುಪ್ಪು-ಕಾಯಿಲೆಗೆ ನಿವೃತ್ತಿ, ಜಡತೆ-ಅನುಚಿತ ನಡತೆಗೆ ವಜಾ. ಲಂಚ ಮತ್ತು ಕ್ರೌರ್ಯ ಈ ಪಟ್ಟಿಯಲ್ಲಿಲ್ಲ, ಏಕೆಂದರೆ ಅವಕ್ಕೆ ಮೂರು ವರ್ಷ ಕಾಯಬೇಕಿಲ್ಲ. ಕಂಡ ದಿನವೇ ದೂರು ಹೋಗಬೇಕು. ‘ಅಸಾಧಾರಣ’ ಎಂದು ಹೆಸರಿಸಬಹುದಾದದ್ದು 15 ಅಧಿಕಾರಿಗಳಿಗೆ ಒಬ್ಬನನ್ನು ಮಾತ್ರ.

ಪರೀಕ್ಷೆಗೆ ಹೆಸರು ಮುಚ್ಚಬಹುದು, ಹುದ್ದೆಗೆ ಚೀಟಿ ಎತ್ತಬಹುದು. ಮೂರು ವರ್ಷದ ಕೆಲಸ ಹೇಗಿತ್ತು ಎಂದು ಹೇಳಲು ನಿಮ್ಮನ್ನು ಬಲ್ಲವನೇ ಬೇಕು. ಮೇಲಧಿಕಾರಿ ನಾಲ್ಕೆಂಟು ಅಕ್ಷರದ ಷರಾ ಬರೆಯುತ್ತಾನೆ, ಅದು ಮೆಟ್ಟಿಲು ಮೆಟ್ಟಿಲಾಗಿ ಬೀಜಿಂಗ್ ತಲುಪುತ್ತದೆ. ಇಡೀ ವ್ಯವಸ್ಥೆಯ ಎಚ್ಚರ ಸಡಿಲವಾದದ್ದು ಇಲ್ಲಿ. ಕೆಳಗಿನವನ ತಪ್ಪು ಹೊರಬಿದ್ದರೆ ‘ಮೇಲ್ವಿಚಾರಣೆ ಸಾಲದು’ ಎಂದು ಮೇಲಿನವನಿಗೂ ಶಿಕ್ಷೆ ಇತ್ತು. ಹಾಗಾಗಿ ಮುಚ್ಚಿಡುವುದರಲ್ಲಿ ಇಬ್ಬರಿಗೂ ಲಾಭ. ಸೆನ್ಸಾರೇಟ್ ಎಂಬ ಕಾವಲು ಸಂಸ್ಥೆ ಇದ್ದರೂ ಅದರ ಕಣ್ಣು ದೂರದ ಪ್ರಾಂತದ ಕಣಜದವರೆಗೆ ತಲುಪುತ್ತಿರಲಿಲ್ಲ.

ಗಾನ್ಸು ಪ್ರಾಂತದಲ್ಲಿ ಆದದ್ದು ಇದರ ಪರಮಾವಧಿ. 1774ರಲ್ಲಿ ಅಲ್ಲಿ ಧಾನ್ಯ ಕೊಟ್ಟವರಿಗೆ ಪದವಿ ಕೊಡಲು ಅನುಮತಿ ಸಿಕ್ಕಿತು, ಬರಪರಿಹಾರದ ಕಣಜ ತುಂಬಲಿ ಎಂದು. ಪ್ರಾಂತದ ಖಜಾನಾಧಿಕಾರಿ ವಾಂಗ್ ದಾನ್‌ವಾಂಗ್ ಧಾನ್ಯದ ಬದಲು ಬೆಳ್ಳಿ ತೆಗೆದುಕೊಂಡ. ಇಲ್ಲದ ಧಾನ್ಯದ ಲೆಕ್ಕ ಮುಗಿಸಲು ವರ್ಷ ವರ್ಷವೂ ಇಲ್ಲದ ಬರ ವರದಿಯಾಯಿತು, ಇಲ್ಲದ ಧಾನ್ಯ ಜನಕ್ಕೆ ಹಂಚಿದ್ದಾಯಿತು. ಷ್ಯೆನ್‌ನಿಂದ ಗವರ್ನರ್ ಜನರಲ್‌ವರೆಗೆ ಎಲ್ಲ ಕಾಗದಗಳೂ ಒಂದಕ್ಕೊಂದು ತಾಳೆಯಾಗುತ್ತಿದ್ದವು. 1781ರಲ್ಲಿ ಅಲ್ಲಿ ದಂಗೆಯೆದ್ದು, ಅದನ್ನು ಅಡಗಿಸಲು ಹೋದ ಆಗುಯಿ, ಹೆಷೆನ್ ಇಬ್ಬರೂ ಮಳೆಯಿಂದ ಸೈನ್ಯಕ್ಕೆ ಅಡ್ಡಿಯಾಗುತ್ತಿದೆ ಎಂದು ಬರೆದರು. ವರ್ಷಗಟ್ಟಲೆ ಬರ ಎಂದ ಊರಿನಲ್ಲಿ ಇಷ್ಟು ಮಳೆ ಎಲ್ಲಿಂದ ಎಂದು ಚಕ್ರವರ್ತಿಗೆ ಅನುಮಾನ ಬಂತು. ತನಿಖೆ ಮುಗಿದಾಗ ಐವತ್ತಕ್ಕೂ ಹೆಚ್ಚು ಅಧಿಕಾರಿಗಳ ತಲೆ ಹೋಯಿತು. ಏಳು ವರ್ಷದಲ್ಲಿ ಎರಡು ಮಹಾಲೆಕ್ಕಗಳಿಗಾದರೂ ಸಮಯವಿತ್ತು. ಒಂದರಲ್ಲೂ ಇದು ಸಿಕ್ಕಿರಲಿಲ್ಲ. ಕೊನೆಗೆ ಹಿಡಿದದ್ದು ಆ ಸಾಲಿಗೆ ಸೇರದ ಹೊರಗಿನವರ ಪತ್ರದಲ್ಲಿ ಬಂದ ಒಂದು ಮಾತು.

ಹುದ್ದೆ ಬಿಡುವಾಗ

ತಂದೆ ಅಥವಾ ತಾಯಿ ತೀರಿಕೊಂಡ ಸುದ್ದಿ ಬಂದ ಕೂಡಲೇ ಹುದ್ದೆ ಬಿಟ್ಟು ಊರಿಗೆ ಹೋಗಿ 27 ತಿಂಗಳು ಸೂತಕ ಆಚರಿಸಬೇಕು. ಸುದ್ದಿ ಮುಚ್ಚಿಟ್ಟು ಹುದ್ದೆಯಲ್ಲಿ ಉಳಿದರೆ ವಜಾ. ಚಕ್ರವರ್ತಿಯ ವಿಶೇಷ ಆಜ್ಞೆಯಿಂದ ಉಳಿದರೂ ಸಹೋದ್ಯೋಗಿಗಳು ಬಿಡುವುದಿಲ್ಲ: 1577ರಲ್ಲಿ ಮಿಂಗ್ ಮಹಾಕಾರ್ಯದರ್ಶಿ ಝಾಂಗ್ ಜುಝೆಂಗ್ ತಂದೆ ಸತ್ತ ಮೇಲೂ ಅಧಿಕಾರದಲ್ಲಿ ಉಳಿದಾಗ, ವಿರೋಧಿಸಿದ ಅಧಿಕಾರಿಗಳು ಅರಮನೆಯ ಅಂಗಳದಲ್ಲಿ ಕೋಲಿನೇಟು ತಿಂದರೂ ಸುಮ್ಮನಾಗಲಿಲ್ಲ. ಸೂತಕ ಮುಗಿದ ಮೇಲೆ ಹಳೆಯ ಊರು ನಿಮಗಾಗಿ ಕಾದಿರುವುದಿಲ್ಲ, ಮತ್ತೆ ಬೀಜಿಂಗ್‌ನಲ್ಲಿ ಸರದಿ ಹಿಡಿಯಬೇಕು.

ಬಡ್ತಿಯಾಗಲಿ, ಸೂತಕವಾಗಲಿ, ವಜಾ ಆಗಲಿ, ಹೊರಡುವ ಮೊದಲು ಲೆಕ್ಕ ಒಪ್ಪಿಸಬೇಕು. ಹೊಸಬನು ಬೆಳ್ಳಿ ತೂಗಿ, ಧಾನ್ಯ ಅಳೆದು, ಪತ್ರಕ್ಕೆ ಸಹಿ ಹಾಕಿದ ಮೇಲೆಯೇ ಬಿಡುಗಡೆ. ಕೊರತೆ ಇದ್ದರೆ ತುಂಬುವವರೆಗೆ ಅಲ್ಲೇ ನಿಲ್ಲಬೇಕು. ಹುದ್ದೆಯಲ್ಲಿದ್ದಾಗಲೇ ಸತ್ತವನ ಬಾಕಿಗೆ ಸ್ವಂತ ಊರಿನ ಮನೆ, ಹೊಲ ಜಪ್ತಿಯಾಗುತ್ತಿದ್ದವು, ಆಗಲೂ ತೀರದೆ ಉಳಿದದ್ದನ್ನು ಮಕ್ಕಳು ಕಟ್ಟಬೇಕಿತ್ತು. ಆದ್ದರಿಂದ ಅಧಿಕಾರದಲ್ಲಿರುವಾಗ ಖಜಾನೆ, ಕಣಜಗಳ ಲೆಕ್ಕದ ಒಂದು ಪ್ರತಿಯನ್ನು ಕಚೇರಿಯ ಗುಮಾಸ್ತರ ಕೈಗೆ ಸಿಗದಂತೆ ನಿಮ್ಮ ಹಣದ ಸಲಹೆಗಾರನ ಬಳಿ ಇರಿಸಿ, ತಿಂಗಳಿಗೊಮ್ಮೆ ನೀವೇ ಕೂತು ತಾಳೆ ನೋಡಿ.